ಕಾರ್ಸಿಕಾಕ್ಕೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಸೈಕಲ್ ಪ್ರವಾಸದ ಪ್ಲ್ಯಾನನ್ನು ನಿನ್ನೆ ರಾತ್ರಿ ಊಟ ಆದಮೇಲೆ ನಾನೂ ಅಪ್ಪನೂ ಕೂತು ಓದಿದೆವು. ಫ್ರಾನ್ಸಿನ ಆ ಕಾರ್ಸಿಕಾ ದ್ವೀಪದ ಹೆಸರು ಕಂಡದ್ದೇ ತಡ, ಅಪ್ಪ ಎದ್ದು ಹೋಗಿ ಅಟ್ಟದಿಂದ ನಮ್ಮ ಹಳೇ ಮ್ಯಾಪ್ ಹುಡುಕಿ ತಂದರು. ಮಡಿಕೆ ಇದ್ದಲ್ಲೆಲ್ಲ ಹರಿದಿದೆ. ಆದರೂ ಪೆನ್ಸಿಲ್ ಗೆರೆ ಇನ್ನೂ ಕಾಣುತ್ತದೆ.

ಫೋನಿನಲ್ಲಿ ಹೇಳಿದರೆ ನೀನು "ಆಯ್ತಮ್ಮ, ಆಯ್ತು" ಅಂದುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ನಿನ್ನ ಗೆಳತಿಯೂ ಖಂಡಿತ ಹೋಗಿ ಬನ್ನಿ. ಆದರೆ ಈ ಪ್ಲ್ಯಾನಿನಲ್ಲಿ ಬೇಡ.

ಆರು ದಿನದಲ್ಲಿ ಇಡೀ ದ್ವೀಪ ಸುತ್ತುತ್ತೇವೆ ಅಂದಿದ್ದೀಯ. ಮೂರನೇ ದಿನ ಅಜಾಕ್ಸಿಯೊದಿಂದ ಕಾಲ್ವಿಗೆ, 145 ಕಿ.ಮೀ. ಅದು ಯಾವ ದಾರಿ ಗೊತ್ತಾ? 2013ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ಪಂದ್ಯದ 100ನೇ ಓಟ ಕಾರ್ಸಿಕಾದಲ್ಲೇ ಶುರುವಾಯಿತು. ಟೂರ್ ಆ ದ್ವೀಪಕ್ಕೆ ಬಂದಿದ್ದು ಅದೇ ಮೊದಲು. ಆ ಓಟದ ಮೂರನೇ ದಿನದ ದಾರಿ ಇದೇ. ಅವರು ನಾಲ್ಕು ಗಂಟೆಯೊಳಗೆ ಮುಗಿಸಿದರು. ಅವರಿಗಾಗಿ ರಸ್ತೆ ಖಾಲಿ ಮಾಡಿಸಿದ್ದರು. ನೀರು ಕೊಡಲು, ಟೈರ್ ಬದಲಿಸಲು ಹಿಂದೆಯೇ ಕಾರು ಬರುತ್ತಿತ್ತು. ನಿಮ್ಮ ಸೈಕಲ್ಲಿಗೆ ಬಟ್ಟೆಬರೆಯ ಬ್ಯಾಗಿನ ಭಾರ ಬೇರೆ ಇರುತ್ತದೆ, ಅಲ್ವಾ?

ಮ್ಯಾಪಿನಲ್ಲಿ ಕಾರ್ಸಿಕಾ ಸಣ್ಣದು. ಉದ್ದ 183 ಕಿ.ಮೀ., ಅಗಲ 83. ಆದರೆ ಅಷ್ಟರೊಳಗೇ 2,706 ಮೀಟರ್ ಎತ್ತರದ ಮೋಂತೆ ಚಿಂತೊ ನಿಂತಿದೆ. ಪಶ್ಚಿಮ ತೀರದಲ್ಲಿ ಬೆಟ್ಟ ಸೀದಾ ಸಮುದ್ರಕ್ಕೆ ಇಳಿಯುತ್ತದೆ. ನಮ್ಮ ಕರಾವಳಿಯ ಹಾಗೆ ನಡುವೆ ಬಯಲು, ತೆಂಗಿನ ತೋಟ ಅಂತ ಸಿಗುವುದಿಲ್ಲ. ರಸ್ತೆ ಒಂದೊಂದು ಕೊರಕಲಿಗೂ ಇಳಿದು ಮತ್ತೆ ಹತ್ತುತ್ತದೆ. ಅಲ್ಲಿ ಕಿಲೋಮೀಟರ್ ಲೆಕ್ಕ ಹಾಕಿದರೆ ಮೋಸ ಹೋಗುತ್ತೀಯ. ದಿನಕ್ಕೆ ಎಷ್ಟು ಮೀಟರ್ ಏರು ಅಂತ ಲೆಕ್ಕ ಹಾಕು. ಪೋರ್ತೊ ಸಮುದ್ರದ ದಡದಲ್ಲಿದೆ. ಅಲ್ಲಿಂದ ವೆರ್ಜಿಯೊ ಘಾಟಿಯ ನೆತ್ತಿಗೆ ಸುಮಾರು 35 ಕಿ.ಮೀ., ಎತ್ತರ 1,478 ಮೀಟರ್. ಸೋಮೇಶ್ವರದಿಂದ ಆಗುಂಬೆ ಘಾಟಿಯನ್ನು ಎರಡು ಸಲ ಹತ್ತಿದರೂ ಅಷ್ಟಾಗುವುದಿಲ್ಲ.

ನಾವೂ ಇದೇ ತಪ್ಪು ಮಾಡಿದ್ದೆವು. ಟೂರ್ ನಡೆದ ವರ್ಷವೇ, ಸೆಪ್ಟೆಂಬರಿನಲ್ಲಿ. ಆಗ ಅಜ್ಜಿ ಫ್ರಾನ್ಸಿನ ಮಾರ್ಸೇ ನಗರದ ನಮ್ಮ ಮನೆಗೆ ಬಂದಿದ್ದರು. ನಿನ್ನನ್ನು ಅವರ ಹತ್ತಿರ ಬಿಟ್ಟು ನಾಲ್ಕು ದಿನಕ್ಕೆ ಹೋಗಿದ್ದೆವು. ಒಂದೇ ದಿನದಲ್ಲಿ ಕಾಲ್ವಿಯಿಂದ ಪಿಯಾನಾ ಮುಟ್ಟುವುದು ಅಂತ ಹೊರಟೆವು. ಬಾಡಿಗೆ ಸೈಕಲ್ ಕೈಗೆ ಸಿಗುವಾಗಲೇ ಹತ್ತು ಗಂಟೆ. ಫಾಂಗೊ ಹೊಳೆಯ ಸೇತುವೆ ಹತ್ತಿರ ಜನ ನೀರಿಗಿಳಿದು ಈಜುತ್ತಿದ್ದರು. ನಾವು ನಿಲ್ಲಲಿಲ್ಲ. ಪಾಲ್ಮರೆಲ್ಲಾ ಏರು ಮುಗಿಯುವಷ್ಟರಲ್ಲಿ ಬಾಟಲಿ ಖಾಲಿ. ಆ ದಾರಿಯಲ್ಲಿ ಅಂಗಡಿ ಇಲ್ಲ, ನೆರಳೂ ಕಡಿಮೆ. ಮುಂದೆ ಎಲ್ಲೋ ತಲೆ ಸುತ್ತಿದ ಹಾಗಾಗಿ ರಸ್ತೆ ಪಕ್ಕದ ಮೋಟುಗೋಡೆ ಮೇಲೆ ಕೂತುಬಿಟ್ಟೆ. ಕಾರಿನಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜಿ ಗಾಡಿ ನಿಲ್ಲಿಸಿ, ಒಂದು ಬಾಟಲಿ ನೀರು, ನಾಲ್ಕು ಅಂಜೂರ ಕೊಟ್ಟರು. ನನ್ನ ಕೈ ನಡುಗುತ್ತಿತ್ತು. ಮುಚ್ಚಳ ತಿರುಗಿಸಲು ಆಗಲಿಲ್ಲ, ಅಪ್ಪನೇ ತೆಗೆದುಕೊಟ್ಟರು.

ಪೋರ್ತೊ ದಾಟಿದಾಗ ಕತ್ತಲು. ಪೋರ್ತೊಗೂ ಪಿಯಾನಾಗೂ ನಡುವೆ ಕಲಾಂಕ್ ಬಂಡೆಗಳಿವೆ. ಕೆಂಪು ಗ್ರಾನೈಟ್ ಕಂಬಗಳು ಸಮುದ್ರದ ಮೇಲೆ ಎದ್ದು ನಿಂತಿರುತ್ತವೆ, ನಡುವೆ ರಸ್ತೆ. 1983ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ. ಅದನ್ನು ನೋಡಲೆಂದೇ ಹೋಗಿದ್ದವರು ನಾವು. ಕಂಡಿದ್ದು ಎರಡೂ ಕಡೆ ಕಪ್ಪು ಗೋಡೆ ಮಾತ್ರ. ಬೆಳಿಗ್ಗೆ ಎದ್ದು ಅಜಾಕ್ಸಿಯೊ ಕಡೆ ಓಡಬೇಕಿತ್ತು. ಹಿಂದೆ ಬಂದು ನೋಡಲು ಹೊತ್ತಿರಲಿಲ್ಲ.

ಮುಂದಿನ ವರ್ಷ ಮೇ ತಿಂಗಳಲ್ಲಿ ಮತ್ತೆ ಹೋದೆವು. ದಿನಕ್ಕೆ 30, 40 ಕಿ.ಮೀ. ಸಾಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡು. ಆ ಸಲ ಪಿಯಾನಾದಲ್ಲಿ ಎರಡು ರಾತ್ರಿ ಉಳಿದೆವು. ಸಂಜೆ ಬರೀ ಕೈಯಲ್ಲಿ ನಡೆದುಕೊಂಡು ಹೋಗಿ ಕಲಾಂಕ್ ನಡುವೆ ಒಂದು ಕಟ್ಟೆ ಮೇಲೆ ಕೂತೆವು. ಬಿಸಿಲು ಇಳಿದ ಹಾಗೆ ಬಂಡೆ ಮೊದಲು ಕಿತ್ತಳೆ, ಆಮೇಲೆ ಕೆಂಡದ ಬಣ್ಣಕ್ಕೆ ತಿರುಗಿತು. ಬಂಡೆಗೆ ಕೈ ಇಟ್ಟರೆ ಹಗಲಿನ ಬಿಸಿ ಇನ್ನೂ ಇತ್ತು. ನಿನ್ನನ್ನು ಕರೆದುಕೊಂಡು ಬರಬೇಕಿತ್ತು ಅಂತ ಆಗ ಇಬ್ಬರಿಗೂ ಅನಿಸಿತು.

ಅದಕ್ಕೇ ಹೇಳುತ್ತೇನೆ, ಇಡೀ ದ್ವೀಪದ ಆಸೆ ಬಿಡು. ಪೂರ್ವ ತೀರ ಸಪಾಟು, ನಿಜ. ಆದರೆ ಅಲ್ಲಿ ದೊಡ್ಡ ರಸ್ತೆ, ವಾಹನ ಜಾಸ್ತಿ. ಮಾರ್ಸೇಯಿಂದ ರಾತ್ರಿ ಹಡಗು ಹತ್ತಿದರೆ ಬೆಳಿಗ್ಗೆ ಬಾಸ್ತಿಯಾ. ಅಲ್ಲಿಂದ ಪೋಂತೆ ಲೆಚ್ಚಾ ಮೇಲೆ ಕಾಲ್ವಿಗೆ ರೈಲಿದೆ. ಸಣ್ಣ ಗೇಜಿನ ರೈಲು ಅದು. ಸೈಕಲ್ಲಿಗೆ ಜಾಗ ಉಂಟಾ ಅಂತ ಮುಂಚೆಯೇ ಕೇಳಿಕೊಳ್ಳಿ. ಕಾಲ್ವಿಯಿಂದ ಗಲೇರಿಯಾ ಒಂದು ದಿನ, ಗಲೇರಿಯಾದಿಂದ ಪೋರ್ತೊ ಒಂದು ದಿನ. ಉತ್ತರದಿಂದ ದಕ್ಷಿಣಕ್ಕೆ ಹೋಗುವಾಗ ಸಮುದ್ರ ನಿಮ್ಮ ಬಲಕ್ಕೇ ಇರುತ್ತದೆ. ನೀವೂ ರಸ್ತೆಯ ಬಲಕ್ಕೆ ಇರುತ್ತೀರಿ, ಹಾಗಾಗಿ ನೋಟಕ್ಕೆ ಏನೂ ಅಡ್ಡ ಬರುವುದಿಲ್ಲ. ದಾರಿಯಲ್ಲಿ ಕ್ರೋಚೆ ಅನ್ನುವ ಘಾಟಿಯಲ್ಲಿ ನಿಂತು ಕೆಳಗೆ ನೋಡಿ. ಅಲ್ಲಿನ ಜಿರೊಲಾಟಾ ಊರಿಗೆ ಕಾರು ರಸ್ತೆಯೇ ಇಲ್ಲ. ನಡೆದು ಹೋಗಬೇಕು, ಇಲ್ಲ ದೋಣಿ. ಪೋರ್ತೊದಿಂದ ಪಿಯಾನಾ ಏರನ್ನು ಮಾತ್ರ ಬೆಳಿಗ್ಗೆ ಬೇಗ ಹತ್ತಿ. ರಸ್ತೆ ಕಿರಿದು, ಹೊತ್ತೇರಿದರೆ ಪ್ರವಾಸಿ ಬಸ್ಸುಗಳು ಬರುತ್ತವೆ.

ಆಮೇಲೆ ಮತ್ತೆ ಪೋರ್ತೊಗೆ ಇಳಿದು, ಅಲ್ಲಿಂದ ಎವಿಸಾಕ್ಕೆ. ಬರೀ 23 ಕಿ.ಮೀ., ಆದರೆ ಊರು ಇರುವುದು ಸುಮಾರು 830 ಮೀಟರ್ ಎತ್ತರದಲ್ಲಿ. ಆ ದಿನಕ್ಕೆ ಅಷ್ಟೇ ಸಾಕು. ಸುತ್ತ ಚೆಸ್ಟ್‌ನಟ್ ಮರಗಳು. ಒಂದು ಕಾಲಕ್ಕೆ ಆ ಬೆಟ್ಟದ ಜನ ಚೆಸ್ಟ್‌ನಟ್ ಹಿಟ್ಟಿನ ಮೇಲೇ ಬದುಕಿದವರು. ನಾವು ಉಳಿದಿದ್ದ ಮನೆಯಾಕೆ ಆ ಹಿಟ್ಟಿನಲ್ಲಿ ಪುಲೆಂಡಾ ಮಾಡಿಕೊಟ್ಟರು. ಕುದಿವ ನೀರಿಗೆ ಹಿಟ್ಟು ಸುರಿದು, ಉದ್ದದ ಕೋಲಿನಲ್ಲಿ ತೊಳಸಿ, ಬಟ್ಟೆಯ ಮೇಲೆ ದೊಡ್ಡ ಉಂಡೆಯಾಗಿ ಮಗುಚಿದರು. ಥೇಟ್ ನಮ್ಮ ಮುದ್ದೆ! ಬಣ್ಣವೂ ಹೆಚ್ಚುಕಮ್ಮಿ ಅದೇ, ರುಚಿ ಮಾತ್ರ ಸ್ವಲ್ಪ ಸಿಹಿ. ದಾರ ಹಿಡಿದು ಹೋಳು ಮಾಡಿದರು. ಅಪ್ಪ ಎರಡು ಸಲ ಹಾಕಿಸಿಕೊಂಡರು.

ಅಲ್ಲಿಂದ ಆಯ್ತೋನೆ ಕಾಡಿನ ನೆರಳಲ್ಲೇ ವೆರ್ಜಿಯೊ ಹತ್ತಬಹುದು. ರಸ್ತೆ ಮೇಲೆ ಹಂದಿ, ದನ ಮಲಗಿರುತ್ತವೆ. ತಿರುವಿನಲ್ಲಿ ವೇಗ ಬೇಡ. ನೆತ್ತಿಯಲ್ಲಿ ಕ್ರಿಸ್ತನ ದೊಡ್ಡ ಕಲ್ಲಿನ ಪ್ರತಿಮೆ ಇದೆ. ಮೇ ತಿಂಗಳಲ್ಲೂ ಎತ್ತರದ ಬೆಟ್ಟಗಳ ಮೇಲೆ ಹಿಮ ಇರುತ್ತದೆ, ಇಳಿಯುವಾಗ ಚಳಿ. ಬೆವರು ಒದ್ದೆಯ ಅಂಗಿಯಲ್ಲಿ ಇಳಿಯಬೇಡ, ಜಾಕೆಟ್ ಹಾಕಿಕೋ. ಕಲಾಕುಚ್ಚಾ ಕೆರೆ, ಸಾಂತಾ ರೆಜಿನಾ ಕಣಿವೆ ದಾಟಿ ಕೋರ್ತೆ. ಕಾರ್ಸಿಕಾದ ನಾಯಕ ಪಾವೊಲಿಯ ಕಾಲದಲ್ಲಿ, 1755ರಿಂದ 1769ರವರೆಗೆ, ಆ ದ್ವೀಪ ಸ್ವತಂತ್ರವಾಗಿದ್ದಾಗ ಇದೇ ರಾಜಧಾನಿ. ಕೋರ್ತೆಯಿಂದ ರೈಲಿನಲ್ಲೇ ಬಾಸ್ತಿಯಾಗೆ ಬನ್ನಿ.

ಆ ಇಳಿಜಾರಿನ ವಿಷಯ ಒಂದು ಮಾತು. ನನ್ನ ಬಾಡಿಗೆ ಸೈಕಲ್ಲಿನ ಹಿಂದಿನ ಬ್ರೇಕ್ ಪ್ಯಾಡ್ ಸವೆದು ಹೋಗಿತ್ತು. ವೆರ್ಜಿಯೊದಿಂದ ಇಳಿಯುವಾಗ ಕಬ್ಬಿಣ ಉಜ್ಜಿದ ಸದ್ದು ಕೇಳಿದ ಮೇಲೇ ನನಗೆ ಗೊತ್ತಾಗಿದ್ದು. ಮುಂದಿನ ಊರಿನವರೆಗೂ ಇಳಿದು ತಳ್ಳಿಕೊಂಡು ಬಂದೆ. ಸೈಕಲ್ ತೆಗೆದುಕೊಳ್ಳುವಾಗಲೇ ಬಗ್ಗಿ ಪ್ಯಾಡ್ ನೋಡು, ಸುಮ್ನೆ ಸಹಿ ಹಾಕಬೇಡ. ಇಳಿಯುವಾಗ ಬ್ರೇಕ್ ಹಿಡಿದೇ ಇರಬೇಡ, ಹಿಡಿದು ಬಿಡು, ಹಿಡಿದು ಬಿಡು. ಏರು ಹತ್ತುವುದು ಹಗುರಾಗಲು ಗೇರಿಗೆ ಮುಂದೆ 34 ಹಲ್ಲು, ಹಿಂದೆಯೂ 34 ಇರುವಂಥದ್ದನ್ನೇ ಕೇಳು. ಊರಿನ ಕಾರಂಜಿಯಲ್ಲಿ ನೀರು ಹಿಡಿಯುವಾಗ ಬೋರ್ಡ್ ಓದು. "ನಾನ್ ಪೊತಾಬ್ಲ್" ಅಂತಿದ್ದರೆ ಕುಡಿಯುವಂತಿಲ್ಲ. ರಸ್ತೆ ಬೋರ್ಡುಗಳಲ್ಲಿ ಹೆಸರು ಫ್ರೆಂಚ್, ಕಾರ್ಸಿಕನ್ ಎರಡು ಭಾಷೆಯಲ್ಲಿರುತ್ತದೆ. ಎಷ್ಟೋ ಕಡೆ ಫ್ರೆಂಚ್ ಹೆಸರಿಗೆ ಬಣ್ಣ ಬಳಿದಿರುತ್ತಾರೆ. ಅದಕ್ಕೇ ಕೋರ್ತೆ ಅಂದರೆ ಕೋರ್ತಿ, ಪೋರ್ತೊ ಅಂದರೆ ಪೋರ್ತು ಅಂತ ಮೊದಲೇ ತಿಳಿದುಕೊಂಡಿರು.

ಊಟಕ್ಕೆ ಚಿಂತೆ ಬೇಡ. ಎಲ್ಲೆಲ್ಲೂ ಹಂದಿಮಾಂಸ ಕಂಡರೂ, ಬ್ರೊಚ್ಚು ಚೀಸ್ ಮತ್ತು ಪುದೀನ ಹಾಕಿದ ಆಮ್ಲೆಟ್ ಕೇಳಿದರೆ ಕೊಡುತ್ತಾರೆ. ಆದರೆ ಮಧ್ಯಾಹ್ನ ಅಂಗಡಿ ಮುಚ್ಚುತ್ತಾರೆ, ಭಾನುವಾರವಂತೂ ಏನೂ ಸಿಗದು. ಬ್ರೆಡ್, ಬಾಳೆಹಣ್ಣು ಬೆಳಿಗ್ಗೆಯೇ ಬ್ಯಾಗಿಗೆ ಸೇರಲಿ.

ಹಡಗಿನ ಟಿಕೆಟ್ ತೆಗೆಯುವ ಮೊದಲು ಹೊಸ ಪ್ಲ್ಯಾನ್ ಕಳಿಸು. ಮ್ಯಾಪ್ ಊಟದ ಮೇಜಿನ ಮೇಲೇ ಹರಡಿಕೊಂಡಿದೆ, ಅಪ್ಪ ಮಡಚಲು ಬಿಡುತ್ತಿಲ್ಲ. ಪಿಯಾನಾ ಪಕ್ಕದಲ್ಲಿ ಪೆನ್ಸಿಲಿನಿಂದ ಆಗಲೇ "ಎರಡು ರಾತ್ರಿ" ಅಂತ ಬರೆದಿಟ್ಟಿದ್ದಾರೆ.

ಪ್ರೀತಿಯಿಂದ,
ಅಮ್ಮ