ಅಪ್ಪನಿಗೆ ಮಾತು ತಂದ ದನಿ

ನಿನ್ನೆ ಬೆಳಿಗ್ಗೆ ಅಪ್ಪ ಹಾಲಿನವನ ಹತ್ತಿರ ಚಿಲ್ಲರೆಗಾಗಿ ಜಗಳ ಆಡಿದರು. ಪೂರಾ ಎರಡು ವಾಕ್ಯ. ನಾನು ಒಲೆ ಆರಿಸಿ ಅಡುಗೆಮನೆಯಲ್ಲೇ ನಿಂತು ಕೇಳಿಸಿಕೊಂಡೆ. ಎಂಟು ತಿಂಗಳಾಗಿತ್ತು ಆ ದನಿ ಕೇಳಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೀಪಾವಳಿ ಮುಗಿದ ವಾರದಲ್ಲಿ ಸ್ಟ್ರೋಕ್ ಆಗಿ ಅಪ್ಪನ ಬಲಗೈ ಜೊತೆ ಮಾತೂ ಹೋಯಿತು. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಪದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ನೀರು ಬೇಕಾದರೆ ಲೋಟ ತಳ್ಳುತ್ತಿದ್ದರು. ಮಾತು ಕಲಿಸಲು ಬಂದ ಮೇಡಂ ಒಂದು ವಿಷಯ ಹೇಳಿದರು. ಯೋಚಿಸಿ ಆಡುವ ಮಾತು ನಿಂತರೂ ಬಾಯಿಪಾಠವಾದ ಹಾಡು, ಶ್ಲೋಕ, ಎಣಿಕೆ ಎಷ್ಟೋ ಜನರಲ್ಲಿ ಉಳಿದಿರುತ್ತದಂತೆ. ‘ಇವರಿಗೆ ಏನು ಬಾಯಿಪಾಠ?’ ಅಂದರು. ಅಮ್ಮ ಯೋಚಿಸಲೇ ಇಲ್ಲ. ‘ಸಾಯಿಕುಮಾರ್ ಡೈಲಾಗು’ ಅಂದರು.

ಅಪ್ಪ ಹೆಡ್ ಕಾನ್‌ಸ್ಟೆಬಲ್ ಆಗಿದ್ದವರು. ನಮ್ಮದು ಬಾಗೇಪಲ್ಲಿ ಕಡೆ. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ನಟ, ಡಬ್ಬಿಂಗ್ ಕಲಾವಿದ ಸಾಯಿಕುಮಾರ್ ಮುಖ ನೋಡುವ ಮೊದಲೇ ಅಪ್ಪನಿಗೆ ಆ ದನಿ ಗೊತ್ತಿತ್ತು. ತೆಲುಗು ಸಿನಿಮಾದ ತೆರೆಯ ಮೇಲೆ ಸುಮನ್ ಇರಲಿ, ರಾಜಶೇಖರ್ ಇರಲಿ, ಕೇಳಿಸುತ್ತಿದ್ದದ್ದು ಇವರ ಗಂಟಲು. 1995ರ ‘ಬಾಷಾ’ ತೆಲುಗಿಗೆ ಬಂದಾಗ ರಜನಿಕಾಂತ್‌ಗೂ ಇವರದೇ ದನಿ. ಅದು ಮನೆತನದ ಕಸುಬು. ತಂದೆ ಪಿ.ಜೆ. ಶರ್ಮಾ ನಟರು, ಡಬ್ಬಿಂಗ್ ಕಲಾವಿದರು. ತಮ್ಮ ರವಿಶಂಕರ್ ‘ಅರುಂಧತಿ’ಯ ಖಳನಿಗೆ ದನಿ ಕೊಟ್ಟವರು, ನಮಗೆಲ್ಲ ‘ಕೆಂಪೇಗೌಡ’ದ ಆರ್ಮುಗಂ. ಮಗ ಆದಿಯೂ ಈಗ ತೆಲುಗಿನಲ್ಲಿ ನಾಯಕ.

ಆಮೇಲೆ 1996ರಲ್ಲಿ ಥ್ರಿಲ್ಲರ್ ಮಂಜು ಅವರ ‘ಪೊಲೀಸ್ ಸ್ಟೋರಿ’ ಬಂತು. ಅಷ್ಟು ವರ್ಷ ಬೇರೆಯವರ ತುಟಿಗೆ ಕೂತಿದ್ದ ದನಿಗೆ ಕನ್ನಡದಲ್ಲಿ ಸ್ವಂತ ಮುಖ ಸಿಕ್ಕಿತು. ಅಪ್ಪ ಡ್ಯೂಟಿ ಮುಗಿಸಿ ಐದು ಸಲ ನೋಡಿದರು. ಬಂದೋಬಸ್ತಿನಲ್ಲಿ ಬಿಸಿಲಿಗೆ ನಿಂತು ಬೈಸಿಕೊಂಡು ಬರುತ್ತಿದ್ದ ಮನುಷ್ಯನಿಗೆ, ತನ್ನ ಖಾಕಿಯ ಬಗ್ಗೆ ಯಾರೋ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಎಷ್ಟು ದೊಡ್ಡದಾಗಿ ಕಂಡಿರಬೇಕು, ಅಲ್ವಾ?

ಸಾಯಿಕುಮಾರ್ ಅವರನ್ನು ಬರೀ ಕೂಗುವ ಪೊಲೀಸ್ ಅಂದುಕೊಂಡವರು 2010ರ ತೆಲುಗಿನ ‘ಪ್ರಸ್ಥಾನಂ’ ನೋಡಬೇಕು. ಅಲ್ಲಿ ಲೋಕನಾಥಂ ನಾಯ್ಡು ಅನ್ನುವ ರಾಜಕಾರಣಿ. ಕೆಟ್ಟವನು ಅನ್ನೋಕೂ ಆಗಲ್ಲ, ಒಳ್ಳೆಯವನು ಅನ್ನೋಕೂ ಆಗಲ್ಲ. ಆ ಪಾತ್ರಕ್ಕೆ ಫಿಲಂಫೇರ್ ಬಂತು. ನನ್ನ ಪ್ರಕಾರ ಅವರ ಅತಿ ದೊಡ್ಡ ಕೆಲಸ ಅದೇ. 2015ರ ‘ರಂಗಿತರಂಗ’ದಲ್ಲಂತೂ ಅದೇ ಗಂಟಲನ್ನು ಎಷ್ಟು ತಗ್ಗಿಸಿದ್ದಾರೆ ಅಂದರೆ, ಪಿಸುಮಾತಿಗೇ ಮೈ ಜುಂ ಅನ್ನುತ್ತದೆ.

ದಿನಾ ಸಂಜೆ ಆರಕ್ಕೆ ಫೋನನ್ನು ಅಪ್ಪನ ಎದೆಯ ಮೇಲೆ ಇಟ್ಟು ‘ಪೊಲೀಸ್ ಸ್ಟೋರಿ’ಯ ಸಿಂಹದ ಡೈಲಾಗ್ ಹಾಕುತ್ತಿದ್ದೆ. ‘ಸಿಂಹ’ ಅನ್ನುವ ಪದದ ಮುಂಚೆ ನಿಲ್ಲಿಸುತ್ತಿದ್ದೆ. ಹತ್ತೊಂಬತ್ತು ದಿನ ಏನೂ ಇಲ್ಲ. ಬರೀ ಕುತ್ತಿಗೆಯ ನರ ಉಬ್ಬುತ್ತಿತ್ತು. ಇಪ್ಪತ್ತನೇ ದಿನ ಎಡಗೈ ಮುಷ್ಟಿ ಕಟ್ಟಿ ‘ಸಿಂ...ಹ’ ಅಂದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು.

ಮೇಡಂ, ನಿಮ್ಮ ಋಣ ತೀರುವಂಥದ್ದಲ್ಲ. ಮಳೆಯಲ್ಲೂ ಒಂದು ದಿನ ತಪ್ಪಿಸಲಿಲ್ಲ ನೀವು. ಪಕ್ಕದ ಮನೆ ಅಣ್ಣ, ಆಸ್ಪತ್ರೆಗೆ ಅಷ್ಟು ಸಲ ಆಟೋ ಓಡಿಸಿ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಅಪ್ಪನ ಜೊತೆ ಕೆಲಸ ಮಾಡಿದವರು ಸುಮ್ನೆ ಬಂದು ಕೂತು, ಹಳೇ ಠಾಣೆಯ ಕಥೆ ಹೇಳಿ ಹೋದಿರಿ. ಅದು ಔಷಧಿಗಿಂತ ಜಾಸ್ತಿ ಕೆಲಸ ಮಾಡಿತು. ಸಾಯಿಕುಮಾರ್ ಸರ್, ನಿಮಗೆ ನಮ್ಮ ಪರಿಚಯವಿಲ್ಲ. ನಿಮ್ಮ ದನಿಯನ್ನು ಸಾಲ ಪಡೆದವರ ಪಟ್ಟಿಯಲ್ಲಿ ನಮ್ಮಪ್ಪನ ಹೆಸರೂ ಇರಲಿ. ಧನ್ಯವಾದ.

ಇಷ್ಟನ್ನೂ ಬರೆದು ಅಪ್ಪನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ‘ಪೊಲೀಸ್ ಸ್ಟೋರಿ’ ಹತ್ತಿರ ಕೈ ಎತ್ತಿ ತಡೆದರು.

‘ಐದಲ್ಲ,’ ಅಂದರು. ಸ್ವಲ್ಪ ಹೊತ್ತು ಪದ ಹುಡುಕಿದರು. ‘ಏಳು.’