ಪ್ರತಿಮೆಗೆ ಡಿಸ್ಟೆಂಪರ್ ಬಳಿದ ಪಾಂಡಿತ್ಯ

ಮಾನ್ಯರೇ,

ಕಲಾಭವನದ ಗ್ರೀಕ್ ಪ್ರತಿಮೆಯ ಪ್ರತಿಕೃತಿಗೆ ಬಿಳಿ ಡಿಸ್ಟೆಂಪರ್ ಬಳಿದು, ಅದನ್ನು ‘ಮೂಲ ಸ್ವರೂಪಕ್ಕೆ ತರಲಾಗಿದೆ’ ಎಂಬ ಅಧಿಕಾರಿಗಳ ಹೇಳಿಕೆಯನ್ನು ಮಂಗಳವಾರದ ಸಂಚಿಕೆಯಲ್ಲಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ವಿದ್ಯಾರ್ಥಿಗಳು ಬಣ್ಣ ಹಚ್ಚಿದ್ದ ಆ ಪ್ಲಾಸ್ಟರ್ ಪ್ರತಿಮೆಯನ್ನು ಮೊಮ್ಮಗನಿಗೆ ತೋರಿಸಲೆಂದು ಭಾನುವಾರ ಎರಡು ಬಸ್ಸು ಬದಲಿಸಿ, ಆಟೊದವನು ಕೇಳಿದ 100 ರೂಪಾಯಿ ತೆತ್ತು, ಟಿಕೆಟ್ ಪಡೆದು ಒಳಹೋದರೆ ಎದುರಾದದ್ದು ಡಿಸ್ಟೆಂಪರ್ ಬಕೆಟ್ಟು. ರಜಾದಿನವೂ ದುಡಿಯುವ ಇಂಥ ಶ್ರದ್ಧೆಯನ್ನು ಆ ಕಚೇರಿಯಲ್ಲಿ ನಾನು ಹಿಂದೆಂದೂ ಕಂಡಿರಲಿಲ್ಲ. ಜಡೆಯಿಂದ ಬಿಳಿ ಇನ್ನೂ ತೊಟ್ಟಿಕ್ಕುತ್ತಿತ್ತು, ಕೆನ್ನೆಗೆ ಬ್ರಷ್ಷಿನ ಕೂದಲೊಂದು ಅಂಟಿಕೊಂಡಿತ್ತು. ‘ತಾತ, ಇವಳಿಗೆ ಕಣ್ಣೇ ಇಲ್ವಲ್ಲ’ ಎಂದ ಹುಡುಗ. ನನ್ನ ಪಂಚೆಗೆ ತಗುಲಿದ ಕಲೆ ಇನ್ನೂ ಹೋಗಿಲ್ಲ.

ಗ್ರೀಕ್ ಶಿಲ್ಪವೆಂದರೆ ಅಚ್ಚ ಬಿಳುಪು ಎಂದು ಮೂವತ್ತು ವರ್ಷ ನಾನೂ ಮಕ್ಕಳಿಗೆ ಪಾಠ ಹೇಳಿದವನೇ. ಆದರೆ ಈ ಪ್ರತಿಕೃತಿಯ ಮೂಲವಾದ, ‘ಪೆಪ್ಲೋಸ್ ಕೋರೆ’ ಎಂಬ ಪ್ರಾಚೀನ ಗ್ರೀಕ್ ಯುವತಿಯ ಪ್ರತಿಮೆ 1886ರಲ್ಲಿ ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟದಲ್ಲಿ ಮಣ್ಣಿನಿಂದ ಮೇಲೆ ಬಂದಾಗ ಅವಳ ಕೂದಲಲ್ಲಿ, ತುಟಿಯಲ್ಲಿ, ಕಣ್ಣಲ್ಲಿ ಬಣ್ಣ ಉಳಿದೇ ಇತ್ತು. ರೋಮಿನ ಬಳಿ 1863ರಲ್ಲಿ ದೊರೆತ ರೋಮನ್ ಚಕ್ರವರ್ತಿ ಆಗಸ್ಟಸ್‌ನ ಪ್ರತಿಮೆಯಲ್ಲೂ ಕೆಂಪು, ನೀಲಿಯ ಗುರುತುಗಳಿದ್ದವು. ನಿನ್ನ ಅಮೃತಶಿಲೆಯ ಕೃತಿಗಳಲ್ಲಿ ನಿನಗೆ ಮೆಚ್ಚಾದವು ಯಾವುವು ಎಂದು ಕೇಳಿದವರಿಗೆ ಗ್ರೀಕ್ ಮಹಾಶಿಲ್ಪಿ ಪ್ರಾಕ್ಸಿಟಿಲೀಸ್, ಚಿತ್ರಕಾರ ನಿಕಿಯಾಸ್ ಕೈಯಾಡಿಸಿದವು ಎಂದನೆಂದು ಪ್ರಾಚೀನ ರೋಮಿನ ಲೇಖಕ ಪ್ಲಿನಿ ಬರೆದಿದ್ದಾನೆ. ಮಳೆ, ಮಣ್ಣು ಬಣ್ಣ ಕಳೆದ ಮೇಲೆ ಉಳಿದ ಬಿಳುಪನ್ನೇ ಸೌಂದರ್ಯದ ಪರಮಾವಧಿಯೆಂದು ಕೊಂಡಾಡಿದವರು 18ನೇ ಶತಮಾನದ ಯುರೋಪಿನ ಪಂಡಿತರು. ಆ ಗೀಳಿನಲ್ಲೇ 1937–38ರಲ್ಲಿ ಬ್ರಿಟಿಷ್ ಮ್ಯೂಸಿಯಂನಲ್ಲಿ ಅಥೆನ್ಸಿನ ಪಾರ್ಥೆನಾನ್ ದೇಗುಲದ ಶಿಲ್ಪಗಳನ್ನು ತಾಮ್ರದ ಉಪಕರಣಗಳಿಂದ ಕೆರೆದು ದೊಡ್ಡ ಹಗರಣವಾಯಿತು. ಕೆರೆಯುವ ಶ್ರಮವೇಕೆ, ಮೇಲೆ ಬಳಿದರಾಯಿತು ಎಂಬುದು ನಮ್ಮವರ ಸಂಶೋಧನೆ.

ಬಣ್ಣದ ಪ್ರತಿಮೆ ‘ಜಾತ್ರೆ ಬೊಂಬೆಯಂತೆ ಕಾಣುತ್ತಿತ್ತು’ ಎಂಬ ಅಧಿಕಾರಿಗಳ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ಹಸಿರು ತುಸು ಹೆಚ್ಚಾಗಿತ್ತು. ಯಾವ ಛಾಯೆ, ಎಷ್ಟು ದಪ್ಪ ಎಂಬ ಬಗ್ಗೆ ವಿದ್ವಾಂಸರಲ್ಲೂ ತಕರಾರಿದೆ, ಆದರೆ ಬಣ್ಣವಿತ್ತೇ ಎಂಬ ಬಗ್ಗೆ ಇಲ್ಲ. ಇಷ್ಟಕ್ಕೂ ಎರಡು ವರ್ಷದ ಹಿಂದೆ ಕೆರೆ ಏರಿಯ ಕಲ್ಲುಮಂಟಪದ ಕಂಬಗಳಿಗೆ ಹಳದಿ ಆಯಿಲ್ ಪೇಂಟ್ ಹೊಡೆಸಿದವರು ಇವರೇ. ಆಗ ಜಾತ್ರೆ ನೆನಪಾಗಲಿಲ್ಲವೇ? ಅದರ ಬಗ್ಗೆ ನಾನು ಕೊಟ್ಟ ಮನವಿಗೆ ಸ್ವೀಕೃತಿಯ ಮೊಹರು ಬಿದ್ದದ್ದೇ ಬಂತು, ಉತ್ತರ ಬರಲಿಲ್ಲ. ಕಚೇರಿಗೆ ಹೋದಾಗಲೆಲ್ಲ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’.

ಕೂಡಲೇ ಡಿಸ್ಟೆಂಪರ್ ತೆಗೆಸಿ ಆ ವಿದ್ಯಾರ್ಥಿಗಳಿಂದಲೇ ಮತ್ತೆ ಬಣ್ಣ ಹಚ್ಚಿಸಬೇಕು, ಇಲ್ಲವೇ ಪ್ರತಿಮೆಯನ್ನು ಅವರ ಕಾಲೇಜಿಗೆ ಹಿಂದಿರುಗಿಸಬೇಕು. ಎರಡೂ ಆಗದಿದ್ದರೆ ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ, ಮಂಟಪದ ಕಡೆಗೂ ಹರಿಸಲಿ. ಬಕೆಟ್ ಎತ್ತುವ ಮುಂಚೆ ತಿಳಿದವರನ್ನು ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

– ನಿವೃತ್ತ ಚಿತ್ರಕಲಾ ಶಿಕ್ಷಕ