ಕಂತು ಮಾತ್ರ ನಿಲ್ಲಿಸಬೇಡಿ ಅಪ್ಪ

ಹ್ಯೂಸ್ಟನ್

ತೀರ್ಥರೂಪು ಅಪ್ಪನವರಿಗೆ ರಘು ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ.

ಕನ್ನಂಬಾಡಿ 124.80 ಅಡಿ ತುಂಬಿತೆಂದು ಇಲ್ಲಿ ಹಿಗ್ಗುತ್ತಿದ್ದಾಗಲೇ ಶ್ರೀರಂಗಪಟ್ಟಣದ ಮನೆಗೆ ಹೊಳೆ ನುಗ್ಗಿತೆಂಬ ನಿಮ್ಮ ಕಾಗದ ಬಂತು. ಎಲ್ಲರೂ ಮಂಡ್ಯದ ಅತ್ತೆ ಮನೆ ಸೇರಿದಿರಲ್ಲ, ಅಷ್ಟು ಸಾಕು.

"ಮನೆ ಸಾಲ ಸರ್ಕಾರ ಮನ್ನಾ ಮಾಡುತ್ತಂತೆ, ಬ್ಯಾಂಕಿಗೆ ಕಂತು ಕಟ್ಟಲ್ಲ" ಎಂದಿದ್ದೀರಿ. ದಯವಿಟ್ಟು ಬೇಡ. 90 ದಿನ ಮೀರಿ ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ಆಮೇಲೆ, ಕೋರ್ಟಿಗೆ ಹೋಗದೆಯೇ ಅಡಮಾನದ ಮನೆ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು.

ಕಂತು ಕಟ್ಟುವ 5ನೇ ತಾರೀಖಿಗೆ ಮುಂಚೆಯೇ ಬ್ಯಾಂಕಿನ ಶಾಖೆಗೆ ಹೋಗಿ. ನೀರು ಬಂದ ದಿನ, ಆದ ನಷ್ಟ ಬರೆದು, ಮೂರು ತಿಂಗಳು ಕಂತು ಮುಂದೂಡಿ, ಇಲ್ಲವೇ ಅವಧಿ ಹೆಚ್ಚಿಸಿ ಕಂತು ಇಳಿಸಿ ಎಂದು ಕೇಳಿ. ನಿಮ್ಮ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಅರ್ಜಿ ಕೊಟ್ಟ ಮಾತ್ರಕ್ಕೆ ಖಾತೆಯಿಂದ ಕಂತು ತಾನಾಗಿ ಮುರಿದುಕೊಳ್ಳುವ ಆಟೋ ಡೆಬಿಟ್ ನಿಲ್ಲುವುದಿಲ್ಲ. ಒಪ್ಪಿಗೆ ಪತ್ರ ಕೈಗೆ ಬರುವವರೆಗೆ ಖಾತೆಯಲ್ಲಿ ಹಣ ಇರಲಿ, ಬೌನ್ಸ್ ಆದರೆ ದಂಡ. ಮುಂದೂಡಿದರೂ ಬಡ್ಡಿ ಓಡುತ್ತಲೇ ಇರುತ್ತದೆ. ಬಾಕಿ 20 ಲಕ್ಷಕ್ಕೆ ಶೇ. 8.5ರಂತೆ ತಿಂಗಳಿಗೆ 14,167 ರೂಪಾಯಿ. ಮೂರು ತಿಂಗಳು ಬಿಟ್ಟರೆ ಸುಮಾರು 42,800 ಅಸಲಿಗೇ ಸೇರಿಬಿಡುತ್ತದೆ. ಬಡ್ಡಿಯಷ್ಟನ್ನಾದರೂ ಕಟ್ಟೋಣ, ನಾನು ಕಳಿಸುತ್ತೇನೆ.

ಸಾಲದ ಫೈಲಿನಲ್ಲಿ ವಿಮೆ ಪಾಲಿಸಿ ಹುಡುಕಿ. ಎರಡಿರಬಹುದು. ಸಾಲಗಾರನ ಜೀವಕ್ಕೆ ಮಾಡಿಸಿದ್ದು ಇದಕ್ಕೆ ಬರುವುದಿಲ್ಲ, ಬಹಳ ಜನ ಮೋಸಹೋಗುವುದು ಇಲ್ಲೇ. ಮನೆಯದು 'ಭಾರತ್ ಗೃಹ ರಕ್ಷಾ' ಆಗಿದ್ದರೆ ಪ್ರವಾಹವೂ ಅದರಲ್ಲೇ ಸೇರಿದೆ. ಈ ವರ್ಷದ ಪ್ರೀಮಿಯಂ ಕಟ್ಟಿದೆಯೇ ನೋಡಿ. ಇಷ್ಟು ದೊಡ್ಡ ಅಮೆರಿಕದಲ್ಲಿ ಮಾಮೂಲಿ ಮನೆವಿಮೆಗೆ ಪ್ರವಾಹ ಸೇರುವುದೇ ಇಲ್ಲ! ಅದಕ್ಕೆ ಬೇರೆ ಪಾಲಿಸಿ, ಅದೂ ಸಾಮಾನ್ಯವಾಗಿ 30 ದಿನ ಕಳೆದ ಮೇಲೆ ಜಾರಿ. ನಮ್ಮದೇ ವಾಸಿ ಎಂದು ಇಲ್ಲಿಯವರಿಗೆ ಹೇಳುತ್ತಿರುತ್ತೇನೆ.

ಇವತ್ತೇ ವಿಮೆಯವರಿಗೆ ತಿಳಿಸಿ. ನಷ್ಟ ಅಂದಾಜು ಮಾಡಲು ಅವರು ಕಳಿಸುವ ಸರ್ವೇಯರ್ ನೋಡುವ ಮೊದಲು ಗಾರೆ ಕೀಳಿಸಬೇಡಿ, ಬಣ್ಣ ಹೊಡೆಸಬೇಡಿ. ಗೋಡೆ ಮೇಲೆ ನೀರು ನಿಂತ ಗೆರೆಗೆ ಅಳತೆ ಟೇಪು ಹಿಡಿದು ಫೋಟೋ ತೆಗೆಸಿ, ಒದ್ದೆ ಹಾಸಿಗೆ, ಬೀರುಗಳನ್ನೂ ಎಸೆಯುವ ಮುಂಚೆ ತೆಗೆಸಿ. ಗ್ರಾಮ ಆಡಳಿತ ಅಧಿಕಾರಿ (ಮೊದಲಿನ ಗ್ರಾಮ ಲೆಕ್ಕಿಗರು) ಮಹಜರು ಮಾಡಿದರೆ ಅದರ ಪ್ರತಿ ಬೇಕೇ ಬೇಕು. ಮನೆ ಅಡಮಾನದಲ್ಲಿರುವುದರಿಂದ ಪರಿಹಾರದ ದುಡ್ಡು ಬ್ಯಾಂಕಿಗೇ ಹೋಗಬಹುದು. ಸಾಲಕ್ಕೆ ಮುರಿದುಕೊಳ್ಳದೆ ರಿಪೇರಿಗೆ ಬಿಡಿ ಎಂದು ಅದೇ ಅರ್ಜಿಯಲ್ಲಿ ಕೇಳಿ. ಇಲ್ಲಿಯೂ ಚೆಕ್ಕಿನಲ್ಲಿ ಮನೆಯವರ ಹೆಸರಿನ ಜೊತೆ ಬ್ಯಾಂಕಿನ ಹೆಸರೂ ಇರುತ್ತದೆ, ಕೆಲಸ ನಡೆದ ಹಾಗೆಲ್ಲ ಸ್ವಲ್ಪ ಸ್ವಲ್ಪ ಬಿಡುತ್ತಾರೆ.

ಅಮ್ಮ ಅಳುವುದು ಬೇಡ. ಮನೆ ಎಲ್ಲೂ ಹೋಗುವುದಿಲ್ಲ, ಖಂಡಿತ ಏನೂ ಆಗುವುದಿಲ್ಲ, ನಾನಿದ್ದೇನೆ. ಬಿಪಿ ಮಾತ್ರೆ ತಪ್ಪಿಸದಿರಲಿ. ಕೆಲಸಕ್ಕೆ ಹೊತ್ತಾಯಿತು. ಮೊಹರು ಬಿದ್ದ ಅರ್ಜಿಯ ಫೋಟೋ ಸೀನನ ಕೈಲಿ ಕಳಿಸಿ.

ಇತಿ,
ರಘು